ಎಂಬತ್ತೆರಡು ಕಳೆದು ಉಳಿದದ್ದು

ಇಡ್ವಾಲ್,

ಮೊದಲು 'ಪ್ರೀತಿಯ' ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ಸದ್ಯ ಆ ಮಾತು ಬರೆಯುವಷ್ಟು ತಾಳ್ಮೆ ನನಗಿಲ್ಲ. ಒಂದೇ ಅಂಗಳದ ಆಚೆ ಈಚೆ ಇರುವ ಅಕ್ಕ ತಮ್ಮ ಕಾಗದ ಬರೆದುಕೊಳ್ಳುತ್ತಾರೆಂದರೆ ಕೇಳಿದವರು ನಕ್ಕಾರು. ಏನು ಮಾಡಲಿ? ನಾನು ಬಾಯಿ ತೆರೆದ ಕೂಡಲೇ ನೀನು ಟೀ ಅರ್ಧಕ್ಕೇ ಬಿಟ್ಟು, ಬೇಲಿ ನೋಡಿ ಬರುತ್ತೇನೆಂದು ಎದ್ದು ಹೋಗುತ್ತೀಯ. ಇಡೀ ವೇಲ್ಸ್‌ನಲ್ಲಿ ನಮ್ಮ ಬೇಲಿಯಷ್ಟು ನೋಡಿಸಿಕೊಂಡ ಬೇಲಿ ಇನ್ನೊಂದು ಇರಲಿಕ್ಕಿಲ್ಲ. ಇದನ್ನಾದರೂ ಕೂತು ಕೊನೆಯವರೆಗೆ ಓದು.

ಈ ಬೇಸಿಗೆಯುದ್ದಕ್ಕೂ ನೀನು ನನ್ನ ತಲೆಯ ಮೇಲೆ ಗೂಬೆ ಕೂರಿಸಿದೆ. ಮರಿಗಳು ಬೆಳೆಯುತ್ತಿಲ್ಲ, ತಪ್ಪೆಲ್ಲ ನನ್ನದು. ಮೇಲಿನ ಗದ್ದೆಯ ಹುಲ್ಲು ನಾನು ಬಿತ್ತಿಸಿದ್ದು, ಅದಕ್ಕೆ ಅದರಲ್ಲಿ ಸತ್ವವಿಲ್ಲ. ಹೊಸ ಟಗರು ನಾನು ಆರಿಸಿ ತಂದದ್ದು, ಅದಕ್ಕೆ ಅದರ ಮರಿಗಳು ನರಪೇತಲ. "ಅದು ಟಗರಲ್ಲ ಕಣೇ ಟೆಗ್, ಟೀ ಪಾತ್ರೆಗೆ ಹೊದ್ಸೋ ಉಣ್ಣೆ ಟೋಪಿ. ಸೆಪ್ಟೆಂಬರ್ ಬರ್ಲಿ, ಸಂತೆಗೆ ಹೊಡೀತೀನಿ" ಎಂದು ಪಕ್ಕದ ಮನೆಯ ಡಿಲ್ವಿನ್‌ನ ಎದುರಿಗೇ ಹೇಳಿದೆಯಲ್ಲ, ಅವತ್ತು ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಕಾದು, ಮೂರು ಊರು ಸುತ್ತಿ ತಂದ ಟಗರು ಅದು.

ನಾವು ತೂಗುವ ರೀತಿ ನಿನಗೇನು ಹೊಸದಲ್ಲ. ಎಂಟು ತಾಯಿ ಕುರಿ, ಹನ್ನೊಂದು ಮರಿ ಇರುವ ಮನೆಗೆ ಕುರಿ ತೂಗುವ ಪಂಜರ ದಂಡವೆಂದು ಅಮ್ಮ ಹಾಕಿಕೊಟ್ಟ ದಾರಿ. ಕೊಟ್ಟಿಗೆಯ ಬಾಗಿಲಲ್ಲಿ ಹಲಗೆ, ಹಲಗೆಯ ಮೇಲೆ ಬಚ್ಚಲುಮನೆಯ ತೂಕದ ಯಂತ್ರ, ಯಂತ್ರದ ಮೇಲೆ ಮರಿಯನ್ನು ತಬ್ಬಿಕೊಂಡು ನೀನು. ಬಗ್ಗಿ ಅಂಕಿ ಓದುವವಳು ನಾನು. ಅದರಲ್ಲಿ ನಿನ್ನ ತೂಕ ಕಳೆದು, ಮರಿಯದು ಇಷ್ಟು ಎಂದು ಕೂಗುವವನು ನೀನು. ನಾನು ಅದನ್ನು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಗೀಚುತ್ತೇನೆ.

ಮೇ ತಿಂಗಳಲ್ಲೇ ಕೇಳಿದೆ, "ನಿನ್ ತೂಕಾನೂ ಒಂದ್ಸಲ ನೋಡ್ಬಾರ್ದೇನೋ?" ಎಂದು. ಏನಂದೆ ನೀನು? "ಎಂಬತ್ತೆರಡು. ಮದ್ವೆ ದಿನಾನೂ ಎಂಬತ್ತೆರಡು, ನೆಸ್ಟಾನ ಮಣ್ಣು ಮಾಡಿದ್ ದಿನಾನೂ ಎಂಬತ್ತೆರಡು. ನಾನೇನ್ ಕುರಿಮರೀನಾ, ಹದಿನೈದು ದಿನಕ್ಕೊಂದ್ಸಲ ಬದಲಾಗೋಕೆ?" ನೆಸ್ಟಾಳ ಹೆಸರು ಬಂದಮೇಲೆ ನಾನು ಮುಂದಿನ ಮರಿಯನ್ನು ಎಳೆದು ತಂದೆ. ಹೆಂಡತಿಯನ್ನು ಕಳೆದುಕೊಂಡವನ ಹತ್ತಿರ ವಾದ ಮಾಡುವುದು ಹೇಗೆ?

ಆಮೇಲೆ ನಾನು ಪಟ್ಟ ಪಾಡು ನೋಡು. ಜಂತುಹುಳುವಿನ ಔಷಧಿ ಎರಡು ಸಲ ಕುಡಿಸಿದೆ. ಹಿಕ್ಕೆ ಪೊಟ್ಟಣ ಕಟ್ಟಿಕೊಂಡು ಪಶುವೈದ್ಯರ ಹತ್ತಿರ ಹೋದೆ, ಅಲ್ಲಿನ ಹುಡುಗಿ ಎಲ್ಲ ಸ್ವಚ್ಛವಾಗಿದೆ ಎಂದಳು. ಹಿಂಡಿ ಬದಲಾಯಿಸಿದೆ. ಉಪ್ಪಿನ ಗಡ್ಡೆ ತಂದಿಟ್ಟೆ. ಮರಿಗಳ ಬೆನ್ನು ಸವರಿದರೆ ಕೈಗೆ ಒಳ್ಳೆ ಮಾಂಸವೇ ಸಿಗುತ್ತಿತ್ತು, ನಿನ್ನ ಲೆಕ್ಕ ಮಾತ್ರ ಏರುತ್ತಿರಲಿಲ್ಲ. ಇನ್ನು ನೀನೋ, ಮರಿ ಹಗುರ ಹಗುರ ಎಂದು ಗೊಣಗುತ್ತಲೇ ಪ್ರತಿ ಮರಿ ಎತ್ತಿದ ಮೇಲೂ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದೆ. "ಏನೋ ಅದು?" ಎಂದರೆ "ಸೆಕೆ" ಎಂದೆ. ನಮ್ಮೂರಲ್ಲಿ ಸೆಕೆ!

ಸೋಮವಾರ ನೀನು ಪೇಟೆಗೆ ಹೋದಾಗ ನಾನು ಡಿಲ್ವಿನ್‌ನ ಪಂಜರ ತರಿಸಿದೆ. ಹೌದು, ನಿನ್ನ ಬೆನ್ನ ಹಿಂದೆಯೇ. ನನ್ನ ಟಗರಿನ ಮರ್ಯಾದೆ ಉಳಿಸಿಕೊಳ್ಳಬೇಕಿತ್ತು. ಶನಿವಾರ ನೀನು ಇಪ್ಪತ್ತಾರು ಎಂದಿದ್ದ ದೊಡ್ಡ ಮರಿ ಮೂವತ್ತೈದು ತೂಗಿತು. ಹತ್ತೊಂಬತ್ತು ಎಂದಿದ್ದ ಅವಳಿ ಇಪ್ಪತ್ತೆಂಟು. ಡಿಲ್ವಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಟೆಗ್, ಇವಕ್ಕೆ ಏನ್ ರೋಗ ಅಂದೆ? ನಮ್ ಮರಿಗಳಿಗೂ ಸ್ವಲ್ಪ ಅಂಟ್ಸು ಮಾರಾಯ್ತಿ!" ನಾನೂ ನಕ್ಕೆ. ನೀನು ಬಂದಮೇಲೆ ನಿನ್ನ ಮೂತಿ ನೋಡಬೇಕೆಂದು ಒಳಗೊಳಗೇ ಕುಣಿದೆ.

ಅವನು ಪಂಜರ ಇಲ್ಲೇ ಬಿಟ್ಟು ಹೋದಮೇಲೆ ಬಾಗಿಲ ಮೇಲಿನ ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸವನ್ನು ಬರೆಯುತ್ತಾ ಹೋದೆ. ಮೊದಲನೆಯದಕ್ಕೆ ಒಂಬತ್ತು ಹೆಚ್ಚು. ಎರಡನೆಯದಕ್ಕೂ ಒಂಬತ್ತು. ಹಾಲು ಕಡಿಮೆ ಇದ್ದ ಕುರಿಯ ಮರಿಗೂ ಒಂಬತ್ತು, ಹೊಟ್ಟೆಬಾಕನಿಗೂ ಒಂಬತ್ತು. ಅರ್ಧ ಕಿಲೋ ಆಚೀಚೆ, ಹನ್ನೊಂದಕ್ಕೂ ಅದೇ. ಹುಲ್ಲು ಸರಿಯಿಲ್ಲದಿದ್ದರೆ ಒಂದು ಮರಿ ಎರಡು ಕಿಲೋ ಇಳಿದೀತು, ಇನ್ನೊಂದು ಐದು ಇಳಿದೀತು. ಹನ್ನೊಂದು ಮರಿಗಳು ಮಾತಾಡಿಕೊಂಡು ಒಂದೇ ತೂಕ ಇಳಿಯುವುದಿಲ್ಲ ಇಡ್ವಾಲ್. ಆ ಒಂಬತ್ತು ಕಿಲೋ ಮರಿಗಳದ್ದಲ್ಲ, ಎತ್ತಿಕೊಂಡವನದ್ದು. ನೀನು ಎಂಬತ್ತೆರಡು ಇಲ್ಲ. ಸೀಮೆಸುಣ್ಣ ಹಿಡಿದುಕೊಂಡೇ ಹಿಂಡಿಯ ಚೀಲದ ಮೇಲೆ ಕೂತುಬಿಟ್ಟೆ.

ಸಂಜೆ ನಿನಗೆ ಹೇಳಿದೆ. "ಡಿಲ್ವಿನ್ ಪಂಜರ ಅವರ ತಾತನ ಕಾಲದ್ದು, ಅದಕ್ಕೇನ್ ಗೊತ್ತು" ಎಂದು ನೀನು ಬೇಲಿಯ ಕಡೆ ಹೊರಟೆ. ಇವತ್ತು ಬೆಳಿಗ್ಗೆ ಬಾಯಿ ಬಿಚ್ಚದ ಇಪ್ಪತ್ತೈದು ಕಿಲೋ ಹಿಂಡಿಯ ಚೀಲವನ್ನು ಅದೇ ಪಂಜರದಲ್ಲಿಟ್ಟು ನೋಡಿದೆ. ಇಪ್ಪತ್ತೈದೇ ತೋರಿಸಿತು. ಬಚ್ಚಲುಮನೆಯ ಯಂತ್ರದ ಮೇಲೂ ಇಟ್ಟೆ, ಅದೂ ಇಪ್ಪತ್ತೈದೇ. ಇನ್ನೇನು ನೆಪ ಹೇಳುತ್ತೀಯ?

ಈಗ ಒಂದೊಂದೇ ಹೊಳೆಯುತ್ತಿದೆ. ಭಾನುವಾರದ ಊಟಕ್ಕೆ ನಾನು ಬಡಿಸಿದ ಮಾಂಸ ಮೇಜಿನ ಕೆಳಗಿಂದ ನಾಯಿಯ ಹೊಟ್ಟೆ ಸೇರುತ್ತಿತ್ತು. ನಮ್ಮ ಮಾಟ್ ಗುಂಡುಗುಂಡಾಗಿ ದಪ್ಪಗಾಗಿದ್ದು ಸುಮ್ಮನೆ ಅಲ್ಲ. ಪಾಪ, ಅದನ್ನು ಬೈದು ಊಟ ಕಡಿಮೆ ಮಾಡಿದ್ದೆ. ಜೂನ್ ತಿಂಗಳಲ್ಲೂ ನೀನು ಆ ದಪ್ಪ ಜರ್ಸಿ ಬಿಚ್ಚಲಿಲ್ಲ. ಡಾಕ್ಟರ ಹತ್ತಿರ ಹೋಗು ಎಂದರೆ ಉಣ್ಣೆ ಕತ್ತರಿಸಿ ಆಗಲಿ ಎಂದೆ, ಆಮೇಲೆ ಹುಲ್ಲು ಒಣಗಿಸಿ ಆಗಲಿ ಎಂದೆ, ಈಗ ಮರಿ ಕಳಿಸಿ ಆಗಲಿ ಎನ್ನುತ್ತೀಯ. ಒಂದು ಮರಿ ಎರಡು ದಿನ ಮೇವು ಬಿಟ್ಟರೆ ಅದರ ಬಾಯಿ ಬಿಡಿಸಿ ಹಲ್ಲು ನೋಡುವ ಮನುಷ್ಯ ನೀನು. ನಿನ್ನ ವಿಷಯಕ್ಕೆ ಬಂದರೆ ಯಾಕೋ ಈ ಕುರುಡು? ನಿನಗೆ ಗೊತ್ತಿತ್ತೆಂದೇ ನನ್ನ ಅನುಮಾನ. ಗೊತ್ತಿದ್ದೂ ನನ್ನ ಹುಲ್ಲನ್ನು ಬೈಯುತ್ತಾ ನಿಂತೆಯಲ್ಲ, ಅದಕ್ಕೇ ನನಗೆ ಇಷ್ಟು ಕೋಪ.

ಗುರುವಾರ ಹತ್ತು ಗಂಟೆಗೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಕಾರು ನಾನೇ ಓಡಿಸುತ್ತೇನೆ, ದಾರಿಯುದ್ದಕ್ಕೂ ನನ್ನನ್ನು ಎಷ್ಟು ಬೇಕಾದರೂ ಬೈ. ಅದಕ್ಕೆ ಮೊದಲು ಒಂದು ಕೆಲಸ ಮಾಡು. ತೂಕದ ಯಂತ್ರವನ್ನು ನಿನ್ನ ಹೊಸಿಲ ಹತ್ತಿರ ಇಟ್ಟಿದ್ದೇನೆ. ಬೂಟು ಬಿಚ್ಚು, ಜರ್ಸಿ ಬಿಚ್ಚು, ಕೈಯಲ್ಲಿ ಯಾವ ಮರಿಯೂ ಇಲ್ಲದೆ ಬರೀ ನೀನು ಅದರ ಮೇಲೆ ನಿಲ್ಲು. ಅಂಕಿ ನೋಡಲು ಧೈರ್ಯ ಬರದಿದ್ದರೆ ಅಂಗಳದ ಆಚೆಗೆ ಒಂದು ಕೂಗು ಹಾಕು. ಬಗ್ಗಿ ಓದುವವಳು ನಾನಿದ್ದೇನೆ.

ಅದು ಏನೂ ಅಲ್ಲದಿರಬಹುದು, ಏನಾದರೂ ಇರಬಹುದು. ನನಗೆ ಹೆದರಿಕೆಯಾಗಿದೆ, ನೇರವಾಗಿಯೇ ಹೇಳುತ್ತಿದ್ದೇನೆ. ಮರಿಗಳು ಚೆನ್ನಾಗಿವೆ ಎಂದು ಗೊತ್ತಾದ ದಿನವೇ ಅತ್ತಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ನನ್ನ ಹುಲ್ಲೇ ಕೆಟ್ಟದ್ದಾಗಿರಬಾರದಿತ್ತೇ ಎಂದುಕೊಂಡೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇಡದೆ ಹೋದರೆ ಅವನಿಗೂ ನನ್ನಿಂದ ಒಂದು ಕಾಗದ ಹೋಗುತ್ತದೆ.

ಸಿಟ್ಟಿನಲ್ಲೇ ಇರುವ ನಿನ್ನ ಅಕ್ಕ,
ಟೆಗ್ವೆನ್