ಹಲಗೆಯ ಮುಂದಿನ ಎರಡು ಗುಳಿಗಳು

ತಾಳ್ಯ,
ಶನಿವಾರ, 2 ಆಗಸ್ಟ್ 2025

ಹೊಸದುರ್ಗದಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯೂ ಸಾಫ್ಟ್‌ಬಾಲ್ ಅಂಪೈರೂ ಆಗಿರುವ ಶ್ರೀಮತಿ ಗಂಗಾ ಅವರಿಗೆ, ಅದೇ ಎರಡು ಕೆಲಸಗಳಿಂದ ನಿವೃತ್ತನಾದ ಚಿಕ್ಕತಿಮ್ಮಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಕ್ಷೇಮ ವಿಚಾರಿಸುವ ಅರ್ಹತೆ ನನಗುಂಟೇ ಎಂಬುದನ್ನು ಈ ಪತ್ರ ಓದಿದ ನಂತರ ನೀವೇ ತೀರ್ಮಾನಿಸಬೇಕಾಗಿರುವುದರಿಂದ ಆ ವಾಕ್ಯವನ್ನು ಬಿಟ್ಟಿದ್ದೇನೆ. ಹನ್ನೆರಡು ವರ್ಷಗಳ ಹಿಂದೆ ಮೈದಾನದಲ್ಲಿ ನಿಮ್ಮನ್ನು ಏಕವಚನದಲ್ಲಿ ಗದರಿಸಿದ್ದೆ. ಇಂದು ನೀವು ಅಂಪೈರ್. ಒಬ್ಬ ಅಂಪೈರ್ ಇನ್ನೊಬ್ಬರನ್ನು ಏಕವಚನದಲ್ಲಿ ಕರೆಯುವ ಪದ್ಧತಿ ನಮ್ಮಲ್ಲಿಲ್ಲ.

ನಿಮ್ಮನ್ನು ಜಿಲ್ಲೆಯ ಅಂಪೈರ್‌ಗಳ ಪಟ್ಟಿಯಿಂದ ತೆಗೆಯಬೇಕೆಂದು ಕೋರಿ ಸಲ್ಲಿಸಿರುವ ದೂರಿನ ಪ್ರತಿ ಇಷ್ಟರಲ್ಲಿ ನಿಮ್ಮ ಕೈ ಸೇರಿರಬೇಕು. ವಿಚಾರಣೆ ಬರುವ ಹನ್ನೊಂದನೇ ತಾರೀಖು ಸೋಮವಾರ, ಚಿತ್ರದುರ್ಗದ ಕಚೇರಿಯಲ್ಲಿ. "ಸದರಿ ಅಂಪೈರ್‌ರವರು ಬಾಲಕಿಯರ ಪಂದ್ಯದಲ್ಲಿ ಪದೇ ಪದೇ ತಪ್ಪು ಎಸೆತಗಳನ್ನು ಘೋಷಿಸಿ, ಮಕ್ಕಳ ಮನೋಬಲವನ್ನು ಕುಗ್ಗಿಸಿ, ಆಟದ ಸೊಗಸನ್ನೇ ಹಾಳುಗೆಡವಿರುತ್ತಾರೆ" ಎಂದು ಅದರಲ್ಲಿದೆ. ಸುಂದರವಾದ ದುಂಡಕ್ಷರ. ಆ ಅಕ್ಷರ ನನ್ನದು. ಕೆಳಗಿನ ಏಳು ಸಹಿಗಳಲ್ಲಿ ಮೊದಲನೆಯದೂ ನನ್ನದೇ.

ಇದು ಹೇಗಾಯಿತೆಂಬುದನ್ನು ಕ್ರಮವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಹದಿನಾರನೇ ವಯಸ್ಸಿನಲ್ಲಿ ನಾನು ಹೊಳಲ್ಕೆರೆ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆಯುತ್ತಿದ್ದ ಸೋದರಮಾವನ ಪಕ್ಕ ಕುಳಿತು, ಅವರ ಅರ್ಜಿಗಳನ್ನು ನಕಲು ಮಾಡುತ್ತಿದ್ದವನು. ನನ್ನ ಕನ್ನಡ ಅಲ್ಲಿ ಕಲಿತದ್ದು. ಸುತ್ತಲಿನ ಹಳ್ಳಿಗಳವರು ಇವತ್ತಿಗೂ ಪಿಂಚಣಿಗೋ ಖಾತೆ ಬದಲಾವಣೆಗೋ ನನ್ನ ಹತ್ತಿರ ಬಂದು ಬರೆಸಿಕೊಂಡು ಹೋಗುತ್ತಾರೆ, ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಕಳೆದ ತಿಂಗಳು ತರಬೇತುದಾರ ರಂಗೇಶ್ ನಾಲ್ಕೈದು ಜನ ತಂದೆತಾಯಿಯರೊಡನೆ ಬಂದು ಜಗಲಿಯ ಮೇಲೆ ಕುಳಿತ. ಹೊಸದುರ್ಗದ ಪಂದ್ಯದಲ್ಲಿ ಯಾರೋ ಹೊಸ ಅಂಪೈರ್ ಬಂದು, ಹುಡುಗಿಯರ ಕಾಲನ್ನೇ ನೋಡಿಕೊಂಡು ನಿಂತಿದ್ದಳು, ಎರಡು ತಾಸಿನ ಆಟ ಮೂರೂವರೆ ತಾಸು ಎಳೆಯಿತು, ತನ್ನ ತಂಡ ಸೋತಿತು ಎಂದ. ನಿಮ್ಮ ಕೈಬರಹ ಇದ್ರೆ ಕಚೇರೀಲಿ ಯಾರೂ ಮೂಲೆಗೆ ಎಸೆಯಲ್ಲ ಸಾರ್ ಎಂದ. ನಾನು ಕನ್ನಡಕ ತರಿಸಿಕೊಂಡೆ.

ನಮ್ಮಿಬ್ಬರಿಗೂ ತಿಳಿದಿರುವ ನಿಯಮವೇ ಆದರೂ, ಈ ಪತ್ರ ಕಚೇರಿಯವರ ಕೈಗೆ ಹೋದರೆ ಅವರಿಗೂ ಅರ್ಥವಾಗಲೆಂದು ಇಲ್ಲಿ ಬರೆಯುತ್ತೇನೆ. ಚೆಂಡೆಸೆಯುವ ಹುಡುಗಿ, ಅಂದರೆ ಪಿಚರ್, ನೆಲಕ್ಕೆ ಬಡಿದ ಹಲಗೆಯ ಮೇಲೆ ನಿಂತು ಒಂದು ಕಾಲಿನಿಂದ ನೂಕಿಕೊಂಡು ಮುಂದೆ ಬರುತ್ತಾಳೆ. ಆ ನೂಕುಗಾಲು ನೆಲವನ್ನು ಸವರಿಕೊಂಡೇ ಬರಬೇಕು. ನಡುವೆ ಅದನ್ನು ಎತ್ತಿ, ಹಲಗೆಯ ಮುಂದೆ ಊರಿ, ಅಲ್ಲಿಂದ ಎರಡನೇ ಬಾರಿ ನೂಕಿದರೆ ಚೆಂಡಿಗೆ ವೇಗ ಹೆಚ್ಚುತ್ತದೆ. ಆದರೆ ಅದು ತಪ್ಪು ಎಸೆತ. ನೆಟ್ಟಗೆ ಆಡಿದವಳ ಕಾಲು ಮಣ್ಣಿನಲ್ಲಿ ಗೀರು ಬಿಡುತ್ತದೆ. ತಪ್ಪಿ ಆಡಿದವಳ ಕಾಲು ಗುಳಿ ತೋಡುತ್ತದೆ.

ದೂರು ಅರ್ಧ ಬರೆದಾದ ಮೇಲೆ ಅಂಪೈರ್ ಹೆಸರಿಗಾಗಿ ಬಿಟ್ಟಿದ್ದ ಜಾಗ ತುಂಬಲು ಕೇಳಿದೆ. ರಂಗೇಶ್ ನಿಮ್ಮ ಹೆಸರು ಹೇಳಿ, ಧರ್ಮಪುರದ ಕಡೆಯವಳಂತೆ ಸಾರ್, ಮೊದಲು ತಾನೂ ಪಿಚರ್ ಆಗಿದ್ದಳಂತೆ ಎಂದ. ನಾನು ಲೇಖನಿ ಕೆಳಗಿಟ್ಟು ಸ್ಕೋರ್ ಹಾಳೆ ತೋರಿಸು ಎಂದೆ. ಅವನ ಪಿಚರ್ ಮೇಲೆ ಒಂಬತ್ತು ತಪ್ಪು ಎಸೆತ. ಗೆದ್ದ ತಂಡದ ಪಿಚರ್ ಮೇಲೆ ಎಂಟು. ಎದುರು ತಂಡಕ್ಕೂ ಹಾಕಿದ್ದಾಳಲ್ಲಪ್ಪ ಎಂದು ಕೇಳಿದೆ. ಹೂಂ ಸಾರ್, ಇಬ್ಬರಿಗೂ ಹಾಕ್ತಾಳೆ, ಅದೇ ತಲೆನೋವಾಗಿರೋದು, ಒಂದು ಕಡೆಯವರಿಗೆ ಹಾಕಿದ್ರೆ ಇನ್ನೊಂದು ಕಡೆಯವರಾದ್ರೂ ಸುಮ್ನಿರ್ತಿದ್ರು ಎಂದ ಆ ಪುಣ್ಯಾತ್ಮ. ಜಗಲಿಯಲ್ಲಿದ್ದವರೆಲ್ಲ ನಕ್ಕರು.

ನಾನು ಆಗ ಕಾಗದವನ್ನು ಹರಿಯಬಹುದಾಗಿತ್ತು. ಹರಿಯಲಿಲ್ಲ. ನಿಮ್ಮ ಹೆಸರನ್ನು ಬರೆದು, ಅದರ ಕೆಳಗೆ ಯಾರೂ ಹೇಳಿಕೊಡದ ಇನ್ನೊಂದು ವಾಕ್ಯವನ್ನು ನಾನೇ ಸೇರಿಸಿದೆ: "ಈ ಜಿಲ್ಲೆಯಲ್ಲಿ ಮೂವತ್ತು ವರ್ಷಗಳಿಂದ ಬಾಲಕಿಯರ ಆಟದಲ್ಲಿ ಕಾಲಿನ ನಿಯಮವನ್ನು ಔದಾರ್ಯದಿಂದಲೇ ನೋಡಿಕೊಂಡು ಬರಲಾಗಿರುತ್ತದೆ." ನಿಮಗೆ ಅತಿ ಹೆಚ್ಚು ಹಾನಿ ಮಾಡಬಲ್ಲ ವಾಕ್ಯ ಅದೇ. ಅದು ಸುಳ್ಳೆಂದು ಈ ಜಿಲ್ಲೆಯಲ್ಲಿ ಖಚಿತವಾಗಿ ಬಲ್ಲವರು ಇಬ್ಬರು. ನಾನು ಮತ್ತು ನೀವು.

2013ನೇ ಇಸವಿ, ಆಗಸ್ಟ್ ತಿಂಗಳು, ಚಿತ್ರದುರ್ಗದಲ್ಲಿ ನಡೆದ ಜಿಲ್ಲಾ ಫೈನಲ್. ಹಿರಿಯೂರು ತಾಲ್ಲೂಕಿನ ತಂಡಕ್ಕೆ ನೀವು ಪಿಚರ್, ನಮ್ಮ ತಂಡಕ್ಕೆ ನನ್ನ ಮಗಳು ಯಮುನಾ. ಇಬ್ಬರೂ ಹತ್ತನೇ ತರಗತಿ. ತಂಡ ಕರೆತಂದ ಮೇಷ್ಟ್ರುಗಳೇ ಅಂಪೈರ್‌ಗಳಾಗಿ ನಿಲ್ಲುವುದು, ಸ್ವಂತ ತಂಡದ ಆಟ ಬಂದಾಗ ಬೇರೆಯವರಿಗೆ ಬಿಟ್ಟುಕೊಡುವುದು ನಮ್ಮ ರೂಢಿ. ಅಂದು ನಿಲ್ಲಬೇಕಾಗಿದ್ದವರ ಬಸ್ಸು ದಾರಿಯಲ್ಲಿ ಕೆಟ್ಟಿತು. ಮಳೆ ಮೋಡ ಕಟ್ಟಿತ್ತು. ನಿಮ್ಮ ಮೇಷ್ಟ್ರು ಕರಿಯಣ್ಣನವರೇ ನನ್ನ ಬಳಿ ಬಂದು, ನೀವೇ ನಿಂತ್ಕಳ್ರಿ ಸಾರ್, ಮಗಳು ಅಂತ ನೀವು ಒಂದು ಚೆಂಡು ಬಿಡೋರಲ್ಲ, ನಮಗೆ ನಂಬಿಕೆ ಐತೆ ಎಂದರು. ಸುತ್ತ ನಿಂತಿದ್ದವರ ಎದುರು ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ಮುಖವಾಡ ಕಟ್ಟಿಕೊಂಡು ನಿಂತೆ.

ಆ ದಿನ ನಿಮ್ಮ ಮೇಲೆ ಆರು ತಪ್ಪು ಎಸೆತಗಳನ್ನು ಘೋಷಿಸಿದೆ. ಆರಕ್ಕೆ ಆರೂ ಸರಿಯಾದ ತೀರ್ಪುಗಳು. ನಿಮ್ಮ ಬಲಗಾಲು ಎದ್ದಿತ್ತು, ಊರಿತ್ತು, ಮತ್ತೆ ನೂಕಿತ್ತು. ಇದನ್ನು ಇಂದಿಗೂ ಯಾವ ಅಧಿಕಾರಿಯ ಮುಂದೆ ಬೇಕಾದರೂ ಹೇಳಬಲ್ಲೆ. ಹನ್ನೆರಡು ವರ್ಷ ನನ್ನನ್ನು ನಾನು ಸಮಾಧಾನಪಡಿಸಿಕೊಂಡದ್ದು ಈ ಒಂದು ಸತ್ಯದಿಂದ: ಆರರಲ್ಲಿ ಒಂದೂ ತಪ್ಪಿರಲಿಲ್ಲ.

ಯಮುನಾ ಎಡಗೈಯವಳು, ಎಡಗಾಲಿನಿಂದ ನೂಕುವವಳು. ಅವಳ ಮೇಲೆ ಒಂದನ್ನೂ ಘೋಷಿಸಲಿಲ್ಲ.

ಕೊನೆಯ ಸರದಿಗೆ ಮುಂಚೆ, ಎರಡೂ ಕಡೆ ಮೂರು ಮೂರು ಓಟ. ಹಲಗೆಯ ಮೇಲಿನ ಮಣ್ಣು ತೆಗೆಯಲು ಬ್ರಷ್ ಹಿಡಿದು ಹೋದೆ. ಹಲಗೆಯ ಮುಂದೆ ಒಂದು ಗೇಣಿನ ಅಂತರದಲ್ಲಿ ಎರಡು ಗುಳಿಗಳಿದ್ದವು. ಬಲಗಡೆಯದು ನಿಮ್ಮದು. ಎಡಗಡೆಯದು ಅವಳದು, ನಿಮ್ಮದಕ್ಕಿಂತ ಅರ್ಧ ಬೆರಳು ಆಳ. ಅಲ್ಲಿಯವರೆಗೆ ನಾನು ನೋಡಿಯೇ ಇರಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು, ಏಕೆಂದರೆ ಅವಳು ಎಸೆಯುವಾಗ ನನ್ನ ಕಣ್ಣು ಚೆಂಡಿನ ಮೇಲಿರುತ್ತಿತ್ತು, ನೀವು ಎಸೆಯುವಾಗ ಕಾಲಿನ ಮೇಲೆ. ಆ ಕ್ಷಣದ ನಂತರ ಹಾಗೆ ಹೇಳಿಕೊಳ್ಳುವಂತಿರಲಿಲ್ಲ. ನೆಲ ಸರಿಪಡಿಸುವವನ ಹಾಗೆ ಬೂಟಿನಿಂದ ಮಣ್ಣೆಳೆದು ತುಳಿದೆ. ಎಡಗಡೆಯದನ್ನು ಮಾತ್ರ ಮುಚ್ಚಿದೆ.

ಮುಂದಿನದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನೀವು ಎಸೆಯುತ್ತಿದ್ದಿರಿ, ನಮ್ಮ ಹುಡುಗಿಯೊಬ್ಬಳು ಮೂರನೇ ಬೇಸಿನಲ್ಲಿದ್ದಳು, ಅಂದರೆ ಓಟ ಪೂರೈಸಲು ಒಂದೇ ಬೇಸ್ ಬಾಕಿ. ನಾನು ಕೈಯೆತ್ತಿ ಆರನೆಯದನ್ನು ಘೋಷಿಸಿದೆ. ಅಂದಿನ ನಿಯಮದಂತೆ ಓಟಗಾರ್ತಿಗೆ ಒಂದು ಬೇಸ್ ಬಿಟ್ಟಿ. ಆ ಹುಡುಗಿ ಓಡಲೂ ಇಲ್ಲ, ನಡೆದುಕೊಂಡು ಬಂದು ಮನೆಬೇಸನ್ನು ತುಳಿದಳು, ಅದೇ ಗೆಲುವಿನ ನಾಲ್ಕನೇ ಓಟ. ಯಾರೂ ಚೆಂಡು ಹೊಡೆಯದೆ ಜಿಲ್ಲಾ ಫೈನಲ್ ಮುಗಿಯಿತು. ನೀವು ಅಳಲಿಲ್ಲ. ಚೆಂಡನ್ನು ನನ್ನ ಕೈಗೆ ಕೊಟ್ಟು, ಸಾರ್, ಅವಳ್ದೂ ನೋಡಿದ್ರಾ ಎಂದು ಕೇಳಿದಿರಿ. ನಿಂದು ನೀನು ನೋಡ್ಕೊಳ್ಳೇ ಎಂದು ಗದರಿಸಿದೆ. ಆ ವರ್ಷ ವಿಭಾಗದ ತಂಡಕ್ಕೆ ನಿಮ್ಮ ಆಯ್ಕೆಯಾಗಲಿಲ್ಲ. ಕ್ರೀಡಾ ಹಾಸ್ಟೆಲಿನ ಸೀಟೂ ಅದರ ಜೊತೆಗೇ ಹೋಯಿತು. ಹುಡುಗಿ ಶೇಂಗಾ ಕೀಳೋಕೆ ಹೋಗ್ತಾವಳೆ ಸಾರ್ ಎಂದು ಕರಿಯಣ್ಣ ಒಮ್ಮೆ ಹಿರಿಯೂರು ಬಸ್ ನಿಲ್ದಾಣದಲ್ಲಿ ಹೇಳಿದರು. ಅವರು ನನ್ನನ್ನು ದೂರಲಿಲ್ಲ. ಟೀ ಕುಡೀರಿ ಎಂದು ಕರೆದರು. ಬಸ್ಸು ಬಂತೆಂದು ಸುಳ್ಳು ಹೇಳಿ ಹೊರಟುಬಿಟ್ಟೆ.

ಅಂದಿನಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ, ಇದನ್ನು ಯಾರಿಗೂ ಹೇಳಿಲ್ಲ. ಕೋಳಿ ಕೆದಕಿದ ಕಡೆ, ಹಸು ಗೊರಸೂರಿದ ಕಡೆ, ಮಕ್ಕಳು ಗೋಲಿಯಾಡಲು ತೋಡಿದ ಕಡೆ, ನೆಲದಲ್ಲಿ ಅಂಗೈಯಗಲದ ಗುಳಿ ಕಂಡರೆ ಕಾಲು ತಾನಾಗಿ ಹೋಗಿ ಮಣ್ಣೆಳೆದು ತುಳಿಯುತ್ತದೆ. ಮುಚ್ಚಿ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರೆ ಗುಳಿ ಹಾಗೆಯೇ ಇರುತ್ತದೆ. ಇದು ಕಣ್ಣಿನ ದೋಷವೆಂದು ವೈದ್ಯರಿಗೆ ತೋರಿಸಿದೆ. ಅವರು ಪೊರೆ ತೆಗೆದರು. ಗುಳಿ ಇನ್ನೂ ಸ್ಪಷ್ಟವಾಯಿತು. ಮೊನ್ನೆ ಶಾಲೆಯ ಬಯಲಿನಲ್ಲಿ ನಡೆಯುವಾಗ ಎರಡು ಗುಳಿಗಳು ಅಕ್ಕಪಕ್ಕ ಕಂಡವು. ಬಲಗಡೆಯದನ್ನು ಮುಚ್ಚಲು ಹೋದೆ, ಕಾಲು ಏಳಲಿಲ್ಲ. ಬಿಸಿಲು ನೆತ್ತಿಗೇರುವವರೆಗೆ ಅಲ್ಲೇ ನಿಂತಿದ್ದೆನಂತೆ. ನನ್ನ ಮನೆಯವಳು ಮುದ್ದಕ್ಕ ಬಂದು ತೋಳು ಹಿಡಿದು ಕರೆದುಕೊಂಡು ಹೋದಳು. ಅವಳು ಒರಟು ಮಾತಿನವಳು. ವರ್ಷಗಟ್ಟಲೆಯಿಂದ ನೋಡ್ತಾ ಇದೀನಿ, ಕಂಡ ಕಂಡಲ್ಲಿ ಮಣ್ಣು ತುಳೀತೀರಲ್ಲ, ಯಾರನ್ನ ಹೂತಿದೀರಿ ಹೇಳ್ರಿ ಎಂದಳು. ನಗೆಯಾಡಿಯೇ ಕೇಳಿದ್ದು.

ಹಾಗಿದ್ದೂ ದೂರನ್ನು ಏಕೆ ಬರೆದೆ? ಅದಕ್ಕೆ ಉತ್ತರ ಹುಡುಕಲು ಹದಿನೈದು ದಿನ ಹಿಡಿಯಿತು. ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡಲು ಮನುಷ್ಯರಿಂದ ಆಗುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆಯಲ್ಲಿ ಆಯಸ್ಸು ಕಳೆದೆ. ಒಂಬತ್ತು ಮತ್ತು ಎಂಟು ಎಂಬ ನಿಮ್ಮ ಹಾಳೆಯನ್ನು ನೋಡಿದಾಗ, ಆಗುತ್ತದೆ ಎಂದು ತಿಳಿಯಿತು. ಅದೂ ನಾನು ಗದರಿಸಿ ಕಳಿಸಿದ ಹುಡುಗಿಯಿಂದ. ನೀವು ಮಾಡಿದ್ದು ತಪ್ಪೆಂದು ಕಚೇರಿಯವರು ಬರೆದುಕೊಟ್ಟರೆ ನಾನು ಮಾಡಿದ್ದು ಸರಿಯಾಗುತ್ತದೆ ಎಂಬ ಆಸೆ ನನ್ನ ಕೈ ಹಿಡಿದು ಬರೆಸಿತು.

ಈ ಪತ್ರದೊಡನೆ ನಾನು ಸಹಿ ಮಾಡಿದ ಹೇಳಿಕೆಯೊಂದನ್ನು ಇಟ್ಟಿದ್ದೇನೆ. ದೂರಿನ ಮೂವತ್ತು ವರ್ಷಗಳ ಮಾತು ಸುಳ್ಳೆಂದೂ, 2013ರ ಫೈನಲ್‌ನಲ್ಲಿ ಒಂದು ತಂಡಕ್ಕೆ ನಿಯಮವನ್ನು ಅನ್ವಯಿಸಿ ಇನ್ನೊಂದಕ್ಕೆ ಉದ್ದೇಶಪೂರ್ವಕವಾಗಿ ಬಿಟ್ಟೆನೆಂದೂ ಅದರಲ್ಲಿ ಒಪ್ಪಿಕೊಂಡಿದ್ದೇನೆ. ಸೋಮವಾರ ಹನ್ನೊಂದು ಗಂಟೆಗೆ ಖುದ್ದಾಗಿ ಹಾಜರಾಗಿ ಅದನ್ನೇ ಬಾಯಲ್ಲೂ ಹೇಳುತ್ತೇನೆ. ರಂಗೇಶನಿಗೆ ಫೋನ್ ಮಾಡಿ ತಿಳಿಸಿದ್ದೂ ಆಗಿದೆ. ಏನ್ ಸಾರ್, ವಯಸ್ಸಾಯ್ತಾ ಎಂದ. ಆಯ್ತಪ್ಪ ಎಂದೆ.

ನಿಮ್ಮಲ್ಲಿ ಕ್ಷಮೆ ಕೇಳುವ ಅರ್ಜಿ ಇದಲ್ಲ. ಒಂದೇ ಒಂದು ವಿನಂತಿಯಿದೆ, ಇದನ್ನು ನಡೆಸಿಕೊಡಲೇಬೇಕೆಂಬ ಒತ್ತಾಯವಿಲ್ಲ. ಯಮುನಾ ಈಗ ಹಿರಿಯೂರಿನಲ್ಲಿ ಸಹಕಾರ ಸಂಘವೊಂದರ ಗುಮಾಸ್ತೆ. ತಾನು ನೆಟ್ಟಗೆ ಆಡಿ ಗೆದ್ದೆನೆಂದೇ ತಿಳಿದಿದ್ದಾಳೆ. ವಿಭಾಗ ಮಟ್ಟದ ಆಟದ ನಂತರ ಚೆಂಡು ಮುಟ್ಟಲಿಲ್ಲ. ಓದಿನ ಕಡೆ ಮನಸ್ಸು ತಿರುಗಿತೆಂದು ನಾವು ಸಂತೋಷಪಟ್ಟೆವು. ಹೇಳಿಕೆಯಲ್ಲಿ ಅವಳ ಹೆಸರನ್ನು ಬರೆಯದೆ "ಎದುರು ತಂಡದ ಪಿಚರ್" ಎಂದಷ್ಟೇ ನಮೂದಿಸಿದ್ದೇನೆ. ಅವಳ ಬಾಲ್ಯದ ಒಂದು ಸಂತೋಷವನ್ನು ನನ್ನ ತಪ್ಪಿಗೆ ದಂಡವಾಗಿ ಕಿತ್ತುಕೊಳ್ಳುವುದು ಬೇಡವೆನಿಸುತ್ತದೆ. ಸೋಮವಾರ ಸಾಧ್ಯವಾದರೆ ನೀವೂ ಹಾಗೆಯೇ ಹೇಳಿ.

ನಿಮ್ಮ ಎದುರು ಹನ್ನೆರಡು ವರ್ಷ ತಡವಾಗಿ ನಿಂತಿರುವ,

ಚಿಕ್ಕತಿಮ್ಮಪ್ಪ
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ

ವಿ.ಸೂ.: ಭಾನುವಾರ, ಮಧ್ಯಾಹ್ನ. ಲಕೋಟೆಯನ್ನು ಅಂಟಿಸದೆ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ರಜೆಗೆಂದು ಬೆಳಗಿನ ಬಸ್ಸಿಗೆ ಬಂದ ಯಮುನಾ, ಅದರ ಮೇಲೆ ನಿಮ್ಮ ಹೆಸರು ನೋಡಿ ಪತ್ರವನ್ನೂ ಹೇಳಿಕೆಯನ್ನೂ ಪೂರ್ತಿ ಓದಿದಳು. ನಾನು ಹೊರಗೆ ಬಂದಾಗ ಹೇಳಿಕೆಯಲ್ಲಿ "ಎದುರು ತಂಡದ ಪಿಚರ್" ಎಂಬ ಮಾತುಗಳನ್ನು ಹೊಡೆದುಹಾಕಿ, ಮೇಲೆ ತನ್ನ ಪೂರ್ತಿ ಹೆಸರು ಬರೆದು, ಪಕ್ಕದಲ್ಲಿ ಸಹಿ ಮಾಡುತ್ತಿದ್ದಳು. ನಿನಗೆ ಗೊತ್ತಿರಲಿಲ್ಲ ಮಗಳೇ, ನೀನ್ಯಾಕೆ ಎಂದೆ. ತಲೆಯೆತ್ತದೆ, ಗೊತ್ತಿತ್ತಪ್ಪಾಜಿ, ಕಾಲು ನಂದಲ್ವಾ ಎಂದಳು. ಆ ತಿದ್ದುಪಡಿಯನ್ನು ನಾನು ನಕಲು ಮಾಡಿ ಅಂದಗೊಳಿಸಿಲ್ಲ, ಹಾಗೆಯೇ ಕಳಿಸುತ್ತಿದ್ದೇನೆ. ಹನ್ನೊಂದರ ಸೋಮವಾರ ಅವಳೂ ಕಚೇರಿಗೆ ಬರುತ್ತಾಳೆ. ನಾನು ಹಿಂದಿನ ದಿನವೇ ಹಿರಿಯೂರಿಗೆ ಬಂದುಬಿಡುತ್ತೇನೆ, ಅಲ್ಲಿಂದ ಜೊತೆಯಾಗಿ ಹೋಗಾಣ ಎಂದು ಕೇಳಿದೆ. ಬೇಡ, ನೀವು ನಿಮ್ಮ ಬಸ್ಸಿಗೆ ಬರ್ರಿ, ನಾನು ನನ್ನ ಬಸ್ಸಿಗೆ ಬರ್ತೀನಿ ಎಂದು ಹೇಳಿ, ಊಟಕ್ಕೆ ನಿಲ್ಲದೆ ಹೊರಟುಹೋದಳು.