ಹೊಸ್ತಿಲಲ್ಲಿ ಬಿಟ್ಟ ರಬ್ಬರ್ ಜೋಡು

ನವೆಂಬರ್ 11, ಮಂಗಳವಾರ

ಇವತ್ತೂ ಅದೇ ಪಾಠ. ಮ್ಯಾನೇಜರ್ ಕುಬಾತ್ ಬೆಳಿಗ್ಗೆ ಕಾರಿನ ಷೋರೂಮಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಗಿರಾಕಿ ಮುಖ ನೋಡ್ಬೇಡಿ, ಕಾಲು ನೋಡಿ. ಪಾಲಿಶ್ ಶೂಗೆ ಕಾಫಿ. ಬೂಟಿಗೆ ನಗು. ರಬ್ಬರ್ ಜೋಡಿಗೆ ಬಾಗಿಲು" ಎಂದ. ಎಲ್ಲರೂ ನಕ್ಕರು. ನಮ್ಮಜ್ಜ ಸಾಯುವತನಕ ರಬ್ಬರ್ ಜೋಡಿನಲ್ಲೇ ಈ ಬಿಷ್ಕೆಕ್ ಪಟ್ಟಣವೆಲ್ಲ ಸುತ್ತಿದವನು. ಆದರೂ ನಕ್ಕೆ. ಕೆಲಸ ಬೇಕಲ್ಲ.

ಶನಿವಾರ ನನ್ನ ಹುಡುಗ ಸಿರ್ಗಾಕ್‌ನ ಅಪ್ಪ ಅಮ್ಮ ಬೆಟ್ಟ ಇಳಿದು ಬರುತ್ತಾರೆ, ನನ್ನ ಕಿವಿಗೆ ಓಲೆ ಹಾಕಲು. ಓಲೆ ಬಿತ್ತೆಂದರೆ ಮದುವೆ ಗಟ್ಟಿ. ಅವರನ್ನು ಫೋಟೋದಲ್ಲೂ ಕಂಡಿಲ್ಲ. "ನಿಮ್ಮಪ್ಪ ಏನೇನ್ ಕೇಳ್ತಾರೋ?" ಎಂದೆ ಅವನಿಗೆ ಫೋನಿನಲ್ಲಿ.

"ಏನೂ ಕೇಳಲ್ಲ ಜಿಬೆಕ್. ಸುಮ್ನೆ ನೋಡ್ತಾರೆ."

ಹೆದರಿಕೆ... ಖುಷಿಯೂ.

ನವೆಂಬರ್ 12

ಹಿಮ ಕರಗಿ ಬೀದಿಯೆಲ್ಲ ರಾಡಿ. ಮಧ್ಯಾಹ್ನ ಒಬ್ಬ ಮುದುಕ ಬಂದ. ಹಳೇ ಉಣ್ಣೆ ಟೋಪಿ. ನೆಂಟರ ಮನೆಗೆ ಬಂದವನಂತೆ ಹೊಸ್ತಿಲಲ್ಲೇ ರಬ್ಬರ್ ಜೋಡು ಕಳಚಿಟ್ಟು, ಅದರೊಳಗೆ ತೊಟ್ಟಿದ್ದ ಮೆತ್ತನೆ ತೊಗಲು ಬೂಟಿನಲ್ಲಿ ಒಳಗೆ ಬಂದ.

"ಜಿಬೆಕ್, ನಿನ್ ಗಿರಾಕಿ!" ಎಂದ ಕುಬಾತ್. "ಕುರಿ ಕೊಟ್ಟು ಕಾರು ಒಯ್ತಾನೆ."

ಮುದುಕ ನೇರ ನನ್ನ ಹತ್ತಿರ ಬಂದ. "ಬೆಟ್ಟದ ದಾರೀಲಿ ಈ ಕಾರಲ್ಲಿ ಹಿಂದೆ ಕೂತವರಿಗೆ ಸೊಂಟ ನೋಯಲ್ವಾ ಮಗಳೇ?"

"ಇದು ನಿಮ್ ಕೈಗೆ ಎಟುಕಲ್ಲ ಅಜ್ಜ. ಭಾನುವಾರ ಹಳೇ ಕಾರಿನ ಸಂತೆ ಇರತ್ತೆ, ಅಲ್ಲಿಗೆ ಹೋಗಿ."

"ಆಗ್ಲಿ. ಒಂದ್ ಬಟ್ಟಲು ಚಹಾ ಸಿಗತ್ತಾ?"

ಕುಬಾತ್ ನೋಡುತ್ತಿದ್ದ. "ಚಹಾ ಗಿರಾಕಿಗಳಿಗೆ ಮಾತ್ರ" ಎಂದೆ.

ಹೊರಟಾಗ ಜೋಡು ಇಲ್ಲ. ಕುಬಾತ್ ಅದನ್ನು ಟೈರುಗಳ ಹಿಂದಕ್ಕೆ ಒದ್ದಿದ್ದು ನಾನು ಕಂಡಿದ್ದೆ. "ಇಲ್ಲೇ ಬಿಟ್ಟಿದ್ನಲ್ಲ..." ಎನ್ನುತ್ತ ಮುದುಕ ಬಗ್ಗಿ ಬಗ್ಗಿ ಹುಡುಕಿದ. ನಾನು ಬಾಯಿ ಬಿಡಲಿಲ್ಲ. ತೊಗಲು ಬೂಟಿನಲ್ಲೇ ರಾಡಿಗೆ ಇಳಿದು ಹೋದ.

ನವೆಂಬರ್ 15, ರಾತ್ರಿ

ಯಾರೂ ಬರಲಿಲ್ಲ. ಅಮ್ಮ ಕರಿದಿಟ್ಟ ತಿಂಡಿಯ ರಾಶಿ ಊಟಕ್ಕೆ ಹಾಸಿದ ಬಟ್ಟೆಯ ಮೇಲೆ ತಣ್ಣಗಾಯಿತು.

ಕೊನೆಗೆ ಸಿರ್ಗಾಕ್‌ನ ಫೋನ್. "ಬುಧವಾರ ಅಪ್ಪ ನಿನ್ ಷೋರೂಮಿಗೆ ಬಂದಿದ್ರಂತೆ. ಸೊಸೆ ಆಗೋಳನ್ನ ಒಮ್ಮೆ ನೋಡಣ ಅಂತ."

"ಬೈದ್ರಾ?"

"ಇಲ್ಲ. 'ಹುಡುಗಿ ಚೆನ್ನಾಗಿದಾಳೆ, ನಮ್ ಕೈಗೆ ಎಟುಕಲ್ಲ' ಅಂದ್ರು. ಅಷ್ಟೇ. ಓಲೆ ಅಮ್ಮನ ಪೆಟ್ಟಿಗೆಗೆ ವಾಪಸ್ ಹೋಯ್ತು."

"ನೀನೇನಂದೆ?"

ಅವನೂ ಅಪ್ಪನೆದುರು ಬಾಯಿ ಬಿಟ್ಟಿಲ್ಲವಂತೆ. ನನ್ನ ಹಾಗೇ.

ಸಿಟ್ಟು ಉಕ್ಕುತ್ತಿದೆ. ಹೇಳದೆ ಕೇಳದೆ ಬಂದು ನೋಡಿ ಹೋಗಲು ನಾನೇನು ಗಾಜಿನ ಹಿಂದಿನ ಕಾರೇ? ಒಂದು ಮಾತು, 'ನಾನು ಸಿರ್ಗಾಕ್‌ನ ಅಪ್ಪ' ಅಂದಿದ್ದರೆ... ಅಂದಿದ್ದರೆ ಬಟ್ಟಲು ತುಂಬ ಚಹಾ ಕೊಡುತ್ತಿದ್ದೆ. ಹೇಳದಿದ್ದರೂ ಕೊಡುತ್ತೇನಾ ಅನ್ನುವುದನ್ನೇ ಅಲ್ಲವೇ ಅವರು ನೋಡಬೇಕಾಗಿದ್ದದ್ದು. ಥೂ.

ನವೆಂಬರ್ 19

ಕುಬಾತ್ ಹೊಗಳಿದ. "ನಿನ್ ಕಣ್ಣು ಚೆನ್ನಾಗಿ ಪಳಗ್ತು ನೋಡು." ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. "ಥ್ಯಾಂಕ್ಸ್" ಎಂದೆ.

ಟೈರುಗಳ ಹಿಂದಿನಿಂದ ಜೋಡು ತೆಗೆದು ಮನೆಗೆ ತಂದೆ. ತೊಳೆದೆ. ಎಡಗಾಲಿನದಕ್ಕೆ ಸೈಕಲ್ ಟ್ಯೂಬಿನ ತೇಪೆ. ಹಿರಿಯರು ಹೊರಡುವ ಹೊತ್ತಿಗೆ ಅವರ ಜೋಡನ್ನು ಬಾಗಿಲ ಕಡೆ ತಿರುಗಿಸಿಡುವುದು ಸೊಸೆಯ ಮೊದಲ ಕೆಲಸ ಎಂದು ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ಹೊಸ್ತಿಲಲ್ಲಿ ಹಾಗೇ ತಿರುಗಿಸಿಟ್ಟೆ.

ಅಮ್ಮ ಹಿಂದೆ ಬಂದು ನಿಂತಳು. "ಯಾರದೇ ಇದು?"

ನಮ್ಮ ಮಾವನದು ಅನ್ನಲು ಹೋಗಿ, "ಒಬ್ಬ ಗಿರಾಕಿಯದಮ್ಮ" ಎಂದೆ.