ಕುಂತವರ ಅಳತೆಯ ಟಾಪು

ನನ್ನ ಸಿಡುಕ ಮಾಮನಿಗೆ,

ಅಂಗಡಿಯ ಶಟರ್ ಅರ್ಧ ಇಳಿಸಿ, ನಿನ್ನ ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ನಾನು ಇಷ್ಟುದ್ದ ಬರೆದವನೇ ಅಲ್ಲ. ತಪ್ಪಿದ್ದರೆ ಬೈಯಬೇಡ. ಬೈಯುವುದಕ್ಕಾದರೂ ನೀನು... ಇರಲಿ. ನಾಳೆ ಅಂಗಡಿ ಖಾಲಿ ಮಾಡಬೇಕು. ಅದಕ್ಕೂ ಮೊದಲು ಮಡಕಶಿರದ ಕಾರಿನ ಟಾಪು ಏನಾಯಿತು ಅಂತ ನಿನಗೆ ಹೇಳಿಬಿಡಬೇಕು. ಬಳ್ಳಾರಿ ಆಸ್ಪತ್ರೆಯಲ್ಲಿ ಮೂಗಿನ ನಳಿಗೆ ಸರಿಸಿ ನೀನು ಕೇಳಿದ್ದು ಅದನ್ನೇ ಅಲ್ಲವಾ?

ರಂಗಪ್ಪನವರು ಮಡಕಶಿರದಿಂದ ಮೊದಲ ಸಲ ನಮ್ಮ ಅಂಗಡಿಗೆ ಬಂದ ದಿನ ನೆನಪಿದೆಯಾ? ಅವರಪ್ಪನ ಕಾಲದ ಓಪನ್ ಕಾರು, ಇಂಜಿನ್ ಇನ್ನೂ ಗಟ್ಟಿ. ಆದರೆ ಮೇಲಿನ ಬಟ್ಟೆ ಟಾಪನ್ನು ಎತ್ತಿ ಮಡಚುವ ಫ್ರೇಮೇ ಇಲ್ಲ. ಬೆಂಗಳೂರಿನಲ್ಲಿ ಕೇಳಿದರೆ ಫಾರಿನ್ನಿಂದ ತರಿಸಬೇಕು ಅಂದರಂತೆ. "ಅವರು ಹೇಳೋ ದುಡ್ಡಿಗೆ ಟಾಪಿನ ಕೆಳೀಕೆ ಇನ್ನೊಂದು ಹೊಸ ಕಾರೇ ಬತ್ತೈತೆ ಕಣಣ್ಣ" ಅಂದರು. ನೀನು ಕತ್ತರಿ ಕೆಳಗಿಟ್ಟು ಕೇಳಿದೆ, "ಹಳೇ ಫ್ರೇಮು ಏನ್ ಮಾಡಿದ್ರಿ?"

"ಹಿತ್ಲಾಗೆ ಹೀರೇಬಳ್ಳಿಗೆ ಹಾಕಿದ್ದೋ. ತುಕ್ಕು ತಿಂದು ಉದುರೋಯ್ತು."

ನೀನು ಎದ್ದು ನಿಂತೇಬಿಟ್ಟೆ. "ಕಾರಿನ ಟಾಪಿನ ಮ್ಯಾಲ ಹೀರಿಕಾಯಿ ಬೆಳದೀರಿ? ಹೋಗ್ರಿ, ನಿಮ್ಮ ಕೆಲಸ ನಾ ಮಾಡಂಗಿಲ್ಲ."

ಅವರು ಜಗ್ಗಲಿಲ್ಲ. ಮೆತ್ತಗೆ, "ಕಾಯಿ ಮಾತ್ರ ಭಾರೀ ಎಳೇವು ಬತ್ತಿದ್ದೋ ಕಣಣ್ಣ" ಅಂದರು. ನೀನು ನಕ್ಕೆ. ನಿನ್ನನ್ನು ಹಾಗೆ ನಗಿಸಿದವರ ಕೆಲಸವನ್ನು ನೀನು ಎಂದಾದರೂ ಬಿಟ್ಟಿದ್ದೀಯಾ?

ಓಬಳಾಪುರದ ಕಡೆ ಅದಿರಿನ ಲಾರಿ ಓಡುತ್ತಿದ್ದ ಕಾಲದಲ್ಲಿ ಈ ಅಂಗಡಿಯ ಮುಂದೆ ತಾಡಪಾಲು ಹರವಲು ಜಾಗ ಇರುತ್ತಿರಲಿಲ್ಲ ಅಂತ ನೀನು ಹೇಳುತ್ತಿದ್ದೆ. ಆಮೇಲೆ ಲಾರಿ ನಿಂತವು. ಜೀಪುಗಳು ಗುಜರಿಗೆ ಹೋದವು. ಬಟ್ಟೆ ಟಾಪು ಹೊಲಿಸುವವರು ಯಾರಿದ್ದಾರೆ ಈಗ? ನಾನೂ ಒಂದು ಕಡೆ ಕೂರುವವನಲ್ಲ. ಜೀನ್ಸ್ ಯೂನಿಟ್ಟು ಬಿಟ್ಟೆ, ಮೊಬೈಲ್ ಅಂಗಡಿ ಬಿಟ್ಟೆ, ಗುಮ್ಮಘಟ್ಟದ ಆಟೋ ಓಡಿಸಿ ಅದನ್ನೂ ಬಿಟ್ಟೆ. "ನಿನ್ನ ಕುಂಡಿಗೆ ಮುಳ್ಳು ಐತೇನಲೇ ಮಂಜ್ಯಾ?" ಅಂತ ನೀನು ಅನ್ನುತ್ತಿದ್ದೆ. ಆದರೆ ಹಳೇ ಜೀಪಿನ ರಾಡು, ಗುಜರಿಯ ಪಟ್ಟಿ, ಬೆಂಕಿಗೆ ಹಿಡಿದು ಬಗ್ಗಿಸಿದ ಕಮಾನು ಇಷ್ಟರಲ್ಲೇ ಆ ಫ್ರೇಮು ಮಾಡಬಹುದು ಅಂತ ನೀನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದೆಯಲ್ಲ, ಅವತ್ತು ನಾನು ಕೂತೆ ಮಾಮಾ. "ಇದೊಂದು ಸರಿಯಾಗಿ ಎದ್ದು ನಿಂತ್ರ ಸಾಕು. ಹಳೇ ಕಾರು ಇಟ್ಕಂಡು ಟಾಪಿಗೆ ರೊಕ್ಕ ಇಲ್ದೋರು ಎಲ್ಲ ಇಲ್ಲಿಗೇ ಬರ್ತಾರ" ಅಂದೆ ನೀನು. ಅಂಗಡಿ ಉಳಿಯಬೇಕಾದರೆ ಅದೊಂದೇ ದಾರಿ ಅಂತ ಇಬ್ಬರಿಗೂ ಗೊತ್ತಿತ್ತು.

ಅಳತೆಗೆ ನನ್ನನ್ನು ಒಬ್ಬನನ್ನೇ ಮಡಕಶಿರಕ್ಕೆ ಕಳಿಸುವಾಗ ನಿನಗೆ ಆಗಲೇ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿತ್ತು. "ಟಾಪು ಗಾಡಿಗಲ್ಲಲೇ, ಕುಂತೋರಿಗೆ. ಮೊದ್ಲು ಕುಂದ್ರಸು, ಆಮ್ಯಾಕ ಅಳಿ. ತಲಿ ಮ್ಯಾಲ ನಾಕು ಬೆರಳು ಬಿಡು" ಅಂದಿದ್ದೆ. ನಾನು ಹಾಗೇ ಮಾಡಿದೆ. ಆದರೆ ಕಾರಿನ ಸೀಟು ನಾರು ತುಂಬಿಸಲು ನಮ್ಮ ಅಂಗಡಿಗೆ ಬಂದಿತ್ತಲ್ಲ. ಕಾರಿನೊಳಗೆ ಬರೀ ತಗಡು. ರಂಗಪ್ಪನವರು ಮನೆಯೊಳಗಿಂದ ಒಂದು ಕಡ್ಲೆಕಾಯಿ ಮೂಟೆ ತಂದು ಹಾಕಿ ಅದರ ಮೇಲೆ ಕೂತರು. ಮೂಟೆಯೊಳಗೆ ಕಡ್ಲೆಕಾಯಿ ಚರಚರ ಅಂತ ಸರಿದು, ಅವರು ಇಳಿದು ಇಳಿದು ನಿಂತ ಮೇಲೆ ನಾನು ತಲೆಗೆ ನಾಲ್ಕು ಬೆರಳು ಬಿಟ್ಟು ದಾರ ಹಿಡಿದೆ. ಎಷ್ಟು ಹುಷಾರಾಗಿ ಹಿಡಿದೆ ಗೊತ್ತಾ?

ಫ್ರೇಮು ಕೂರಿಸುವ ದಿನ ಟೊಮೆಟೊ ಟೆಂಪೋದಲ್ಲಿ ಫ್ರೇಮು, ಹೊಸದಾಗಿ ನಾರು ತುಂಬಿದ ಸೀಟು ಎಲ್ಲ ಹಾಕಿಕೊಂಡು ಹೋದೆ. ನೀನು ಅಷ್ಟರಲ್ಲಿ ಆಸ್ಪತ್ರೆಯಲ್ಲಿದ್ದೆ. ರಂಗಪ್ಪನವರ ಹೆಂಡತಿ ಸರೋಜಮ್ಮ ಮದುವೆಯಾಗಿ ಬಂದಾಗಿನಿಂದ ಆ ಕಾರು ಹತ್ತಿದವರಲ್ಲವಂತೆ. "ತಲೆ ಮ್ಯಾಲೆ ಸೂರಿಲ್ದಿರೋ ಗಾಡೀಲಿ ನಾನ್ಯಾಕೆ ಬಿಸಿಲು ಕಾಯಿಸ್ಕಂಡು ಕುಂತ್ಕಳ್ಳಲಿ" ಅಂತ. ಅವತ್ತು ಹೂ ಮುಡಿದು ಬಂದು ಕೂತರು. ನಾನು ಎಳೆದೆ. ಫ್ರೇಮು ಒಂದೇ ಕೈಗೆ ಎದ್ದಿತು ಮಾಮಾ, ನೀನು ಹೇಳಿದ ಹಾಗೇ. ಎದ್ದು ನೆಟ್ಟಗೆ ಬಂದು ಸರೋಜಮ್ಮನ ತುರುಬಿನ ಮೇಲೆ ಕೂತಿತು.

"ಅಯ್ಯಯ್ಯೋ, ಟಾಪು ಹಾಕೋ ಅಂದ್ರೆ ಟೋಪಿ ಹಾಕ್ದ ಕಣ್ರೀ ಈ ಹುಡ್ಗ!"

ಓಣಿಯೆಲ್ಲ ನಕ್ಕಿತು. ರಂಗಪ್ಪನವರು ನಗಲಿಲ್ಲ. "ಸೀಟೇ ಎತ್ತರ ಆಯ್ತೇನೋ ಕಣಪ್ಪ. ತಗಂಡೋಗಿ ಇಳಿಸ್ಕಂಬಾ" ಅಂದರು. ಸೀಟು ಬಿಚ್ಚುತ್ತಿದ್ದೆ, ಆಸ್ಪತ್ರೆಯಿಂದ ಅತ್ತೆಯ ಫೋನು ಬಂತು. ಬರೀ ಉಸಿರು. ನನಗೆ ಗೊತ್ತಾಯಿತು.

ವಾಪಸು ಬರುವಾಗ ಟೆಂಪೋದ ಹಿಂದೆ ಆ ಸೀಟಿನ ಮೇಲೆಯೇ ಕೂತಿದ್ದೆ. ಪಕ್ಕದಲ್ಲಿ ಮಡಚಿದ ಫ್ರೇಮು ಕಲ್ಯಾಣದುರ್ಗದವರೆಗೂ ಗಡಗಡ ಅಂತಲೇ ಇತ್ತು. ನಿನ್ನನ್ನು ಕೇಳಬೇಕಾದ ಒಂದೇ ಒಂದು ಪ್ರಶ್ನೆ ಬಾಯಲ್ಲಿತ್ತು, ಎಲ್ಲಿ ತಪ್ಪಿದೆ ಅಂತ. ಇನ್ನು ಅದನ್ನು ಯಾರ ಹತ್ತಿರ...

ಮನೆಗೆ ಬಂದಾಗ ನಿನ್ನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ವಿಭೂತಿ ಬಳಿದು, ರುಮಾಲು ಸುತ್ತಿದ್ದರು. ನಮ್ಮವರಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲವಲ್ಲ, ಬಿದಿರಿನ ವಿಮಾನ ಕಟ್ಟಿ ಕೂರಿಸಿಯೇ ಒಯ್ಯಬೇಕು. ಹೊರಗೆ ಬಿದಿರು ಬಂದು ಬಿದ್ದಿತ್ತು. ಎಲ್ಲರೂ ಅದನ್ನೇ ನೋಡುತ್ತಾ ನಿಂತಿದ್ದರು. ಬೀದಿಯ ಹಿರಿಯ ಬಸಜ್ಜ ಹೇಳಿದ್ದು, "ಊರ ಮಂದಿಗೆಲ್ಲ ಇವನಾ ಕಟ್ತಿದ್ದ. ಈಗ ಇವಂಗ ಯಾರು ಕಟ್ಟಬೇಕ್ರಪಾ?"

ನಾನು ಮಚ್ಚು ತೆಗೆದುಕೊಂಡೆ. ಮೊದಲು ಕಮಾನು ಕಟ್ಟು, ಆಮೇಲೆ ತಂದು ಕೂರಿಸೋಣ ಅಂದರು. ಬೇಡ ಅಂದೆ. ಕೂರಿಸುವ ಹಲಗೆಯನ್ನು ಒಳಗೆ ತನ್ನಿ, ಮಾಮನನ್ನು ಅದರ ಮೇಲೆ ಕೂರಿಸಿ, ಆಮೇಲೆ ಅಳೆಯುತ್ತೇನೆ ಅಂದೆ.

"ಹೆಣಾನ ಎರಡು ಸಲ ಎತ್ತಿಸ್ತೀಯೇನಲೇ?" ಬಸಜ್ಜ ರೇಗಿದ.

"ಮಾಮ ಹಂಗಾ ಮಾಡ್ತಿದ್ದಜ್ಜ. ಯಾತರ ಮ್ಯಾಲ ಕುಂದ್ರುತಾರೋ ಅದರ ಮ್ಯಾಲೇ ಅಳೀಬೇಕು."

ನನ್ನ ಬಾಯಿಂದ ಆ ಮಾತು ಬಂತು ನೋಡು, ಕೈ ನಿಂತುಹೋಯಿತು. ಕಡ್ಲೆಕಾಯಿ ಮೂಟೆ ಕಣ್ಣ ಮುಂದೆ ಬಂತು. ಮೂಟೆ ಕುಸಿಯುತ್ತದೆ, ಸೀಟು ಕುಸಿಯುವುದಿಲ್ಲ. ಸೀಟು ಎತ್ತರವಾಗಿರಲಿಲ್ಲ ಮಾಮಾ, ನನ್ನ ಅಳತೆಯೇ ತಗ್ಗು. ಇಷ್ಟೇನಾ? ಇಷ್ಟಕ್ಕೇನಾ? ನಿನ್ನ ಮೊಣಕಾಲಿನ ಹತ್ತಿರ ಕೂತು ನಾನು ನಕ್ಕುಬಿಟ್ಟೆನಂತೆ. ಹುಡುಗನಿಗೆ ತಲೆ ಕೆಟ್ಟಿತು ಅಂದುಕೊಂಡರಂತೆ. ನಿನ್ನ ರುಮಾಲಿನಿಂದ ಮೇಲಕ್ಕೆ ನಾಲ್ಕು ಬೆರಳು ಇಟ್ಟೆ. ರುಮಾಲು ಬೆಚ್ಚಗಿತ್ತೋ ನನ್ನ ಕೈಯೇ ಬೆಚ್ಚಗಿತ್ತೋ ಗೊತ್ತಿಲ್ಲ. ಹಸಿ ಬಿದಿರನ್ನು ಬೆಂಕಿಗೆ ಹಿಡಿದು ಮೊಣಕಾಲಿಗೆ ಒತ್ತಿ ಬಗ್ಗಿಸಿದೆ. ಒಂದೂ ಸೀಳಲಿಲ್ಲ. ಎಲ್ಲಿಯೂ ನಿನ್ನ ತಲೆಗೆ ತಾಗದೆ ನಿನ್ನನ್ನು ಒಯ್ದೆವು. ನಾನು ಸರಿಯಾಗಿ ಕಟ್ಟಿದ ಮೊದಲನೇ ಕಮಾನು ಅದು. ಅದನ್ನು ನಿನ್ನ ಕುಣಿಯ ಪಕ್ಕದಲ್ಲೇ ಮುರಿದು ಹಾಕಿ ಬಂದೆವು.

ದಿನಕರ್ಮ ಮುಗಿದ ಮೇಲೆ ಫ್ರೇಮನ್ನು ಪೂರ್ತಿ ಬಿಚ್ಚಿದೆ. ನಡುವಿನ ಕಮಾನು ಎತ್ತರಿಸಿದರೆ ಮಡಚುವಾಗ ಹಿಂದಿನದಕ್ಕೆ ತಾಗುತ್ತಿತ್ತು. ಕೀಲನ್ನು ಹಿಂದಕ್ಕೆ ಸರಿಸಿದೆ. ಪಟ್ಟಿ ಉದ್ದ ಮಾಡಿದೆ. ಮತ್ತೆ ಬಿಚ್ಚಿದೆ. ವೆಲ್ಡಿಂಗಿನವನು, "ನಿಂದು ಮುಗಿಯೋ ಕೆಲಸ ಅಲ್ಲಪಾ, ಮಾಮನ ಜೋಡಿಗೇ ಹೋಗಬೇಕಿತ್ತು ಇದು" ಅಂದ. ಅಂಗಡಿ ಬಾಡಿಗೆಗೆ ಕೊಟ್ಟ ಮಾಲೀಕ ಬಂದು ಬಂದು ಹೋದ. ಅವನು ಜೀನ್ಸ್ ಪ್ಯಾಂಟು ಒಗೆಯುವ ಯೂನಿಟ್ಟಿಗೆ ಈ ಜಾಗ ಮಾತಾಡಿಟ್ಟಿದ್ದಾನೆ. ನಾನು ಇದೊಂದು ಮುಗಿಯಲಿ ಅಂತ ತಡೆಯುತ್ತಲೇ ಬಂದೆ. ಕೊನೆಗೆ ಎಲ್ಲ ಸರಿಹೋದ ದಿನ ರಂಗಪ್ಪನವರಿಗೆ ಫೋನು ಮಾಡಿದೆ.

"ಗಾಡಿ ಕೊಟ್ಬಿಟ್ಟೆ ಕಣಪ್ಪ" ಅಂದರು. ಹಳೇ ಕಾರುಗಳನ್ನು ಸೇರಿಸಿಡುವ ಯಾರೋ ಹೈದರಾಬಾದಿನ ಕಡೆಯವರಂತೆ. "ನಿಮ್ಮ ಮಾಮ ಹೋದ್ಮೇಲೆ ಇದು ಆಗೋ ಮಾತಲ್ಲ ಅನ್ಕಂಡೆ. ಸೀಟು ಮಾತ್ರ ಕಳಿಸ್ಕೊಡಪ್ಪ. ಅವ್ರಿಗೆ ಹಳೇ ಸೀಟೇ ಬೇಕಂತೆ."

"ಟಾಪು?"

"ಅದು ಅವ್ರು ಫಾರಿನ್ನಿಂದ ತರಿಸ್ಕಂತಾರಂತೆ."

ಫೋನು ಇಟ್ಟೆ ಮಾಮಾ. ಒಂದು ವಾರ ಮೊದಲೇ ಫೋನು ಮಾಡಿದ್ದರೆ... ಆಗ ಫ್ರೇಮು ಸರಿಹೋಗಿರಲಿಲ್ಲ. ಮೂಟೆಯ ಮೇಲೆ ಕೂರಿಸದಿದ್ದರೆ... ಆಗ ನೀನು ಇದ್ದೆ. ಈ ಲೆಕ್ಕವನ್ನು ಎಷ್ಟು ಸಲ ಹಿಂದಕ್ಕೆ ಎಳೆದರೂ ಎಲ್ಲೋ ಒಂದು ಕಡೆ ತಾಗುತ್ತದೆ. ಈಗಲೂ ಅಂಗಡಿಗೆ ಜನ ಬರುತ್ತಾರೆ. ಟಾಪು ಕೇಳುವುದಿಲ್ಲ. "ನಮ್ಮ ಅವ್ವ ಹೋದ್ಲಪಾ, ವಿಮಾನ ಕಟ್ಟಿಕೊಡು ಬಾ" ಅನ್ನುತ್ತಾರೆ. ಹೋಗುತ್ತೇನೆ. ನೀನು ಅದಕ್ಕೆ ಎಂದೂ ಕೂಲಿ ಮುಟ್ಟಲಿಲ್ಲ, ನಾನೂ ಮುಟ್ಟುವುದಿಲ್ಲ. ನೀನು ಕಲಿಸಿದ ಕೆಲಸದಲ್ಲಿ ಊರಿಗೆ ಬೇಕಾಗಿ ಉಳಿದದ್ದು ಅದೊಂದೇ.

ಇವತ್ತು ಮಧ್ಯಾಹ್ನ ಸೀಟು ಒಯ್ಯಲು ಆಟೋ ಬರುವ ಮೊದಲು ಅದನ್ನು ಅಂಗಡಿಯ ನಡುವೆ ಇಟ್ಟೆ. ಎರಡೂ ಕಡೆ ಕಲ್ಲು ಪೇರಿಸಿ ಫ್ರೇಮಿನ ಕೀಲು ಕೂರಿಸಿದೆ. ಬುತ್ತಿ ತಂದಿದ್ದ ಅತ್ತೆಯನ್ನು ಸೀಟಿನ ಮೇಲೆ ಕೂರು ಅಂದೆ. "ನನಗ್ಯಾಕಪಾ ಕಾರಿನ ಸೀಟು" ಅಂದಳು, ಆದರೂ ಕೂತಳು. ಎಳೆದೆ. ಸದ್ದೇ ಇಲ್ಲದೆ ಎದ್ದು ನಿಂತಿತು ಮಾಮಾ. ಅತ್ತೆಯ ತಲೆಯ ಮೇಲೆ ನಾಲ್ಕು ಬೆರಳು, ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ. ಬಟ್ಟೆ ಹಾಕಿಲ್ಲದ ಬರೀ ಕಮಾನಿನ ಕೆಳಗೆ ಅತ್ತೆ ಮೇಲೆ ನೋಡುತ್ತಾ ಕೂತೇ ಇದ್ದಳು. ನೀನು ಹೋದಮೇಲೆ ಅವಳು ಅಷ್ಟು ಹೊತ್ತು ಒಂದು ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಆಟೋ ಬಂತು. ಸೀಟು ಹೋಯಿತು. ಸೋಮವಾರದಿಂದ ನಾನು ಮತ್ತೆ ಜೀನ್ಸ್ ಯೂನಿಟ್ಟಿಗೆ ಹೋಗುತ್ತೇನೆ, ಜೇಬು ಹೊಲಿಯುವ ಕೆಲಸ. ಫ್ರೇಮು ಏನು ಮಾಡಲಿ ಅಂತ ನಿಂತಿದ್ದೆ. ಅತ್ತೆ ಬುತ್ತಿ ಗಂಟು ಕಟ್ಟುತ್ತಾ ಹೇಳಿದಳು, "ಗುಜರಿಗೆ ಹಾಕಬ್ಯಾಡ. ಮಾಳಿಗಿ ಮ್ಯಾಲ ನಿಲ್ಸು. ಹೀರಿ ಬೀಜ ಅದಾವು, ಹಬ್ಬಸ್ತೀನಿ."

ನೀನು ಸಿಟ್ಟಾಗಿ ಎದ್ದು ನಿಲ್ಲುತ್ತೀಯ ಅಂತ ಕಾದೆ ಮಾಮಾ. ನಿನ್ನ ಮಿಷನ್ನಿನ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಜವಾಗಿಯೂ ಕಾದೆ. ಆಮೇಲೆ ಹೂಂ ಅಂದೆ.

ಬಳ್ಳಿ ಹಬ್ಬಿದ ಮೇಲೆ ಅದನ್ನು ಮಡಚಲು ಬರುವುದಿಲ್ಲ. ಆದರೂ ಕೀಲಿಗೆ ಎಣ್ಣೆ ಬಿಡುತ್ತಿರುತ್ತೇನೆ. ಬಳ್ಳಿ ಒಣಗಿದಾಗಲೆಲ್ಲ ಕಿತ್ತು ಹಾಕಿ ಒಂದು ಸಲ ಮಡಚುತ್ತೇನೆ, ಒಂದು ಸಲ ಎತ್ತುತ್ತೇನೆ. ತುಕ್ಕು ಹಿಡಿಯಲು ಬಿಡುವುದಿಲ್ಲ. ನಿನಗೆ ಕೊಡಲು ನನ್ನ ಹತ್ತಿರ ಇರುವುದು ಇದೊಂದೇ ಮಾತು.

ನಿನ್ನ ಮಂಜ